ಯಾರ ಹೆಂಡತಿ, ಯಾರ ಮಗಳು?

2016ರ ಆಗಸ್ಟಿನಲ್ಲಿ ರಿಯೋ ಒಲಿಂಪಿಕ್ಸ್ ನಡೆಯುತ್ತಿದ್ದಾಗ ನಮ್ಮ ಶಿಕಾಗೋದ ಟ್ರಿಬ್ಯೂನ್ ಪತ್ರಿಕೆ ಟ್ವಿಟರ್‌ನಲ್ಲಿ ಒಂದು ಸಾಲಿನ ಸುದ್ದಿ ಹಾಕಿತು: ಬೇರ್ಸ್ ತಂಡದ ಲೈನ್‌ಮನ್ ಒಬ್ಬರ ಹೆಂಡತಿಗೆ ಕಂಚಿನ ಪದಕ. ಆಕೆಯ ಹೆಸರಿಲ್ಲ, ಯಾವ ಆಟವೆಂಬುದೂ ಇಲ್ಲ. ಗಂಡನ ಹೆಸರೂ ಇರಲಿಲ್ಲ ಅನ್ನಿ, ಅಷ್ಟರಮಟ್ಟಿಗೆ ಸಮಾನತೆ!

ಆಕೆ ಕೋರಿ ಕಾಗ್ಡೆಲ್. ಆಟ ಟ್ರ್ಯಾಪ್ ಶೂಟಿಂಗ್. ಯಂತ್ರದಿಂದ ಚಿಮ್ಮುವ ಬಿಲ್ಲೆಯನ್ನು ಗಾಳಿಯಲ್ಲಿರುವಾಗಲೇ ಹೊಡೆದು ಪುಡಿ ಮಾಡಬೇಕು. ರಿಯೋ ಆಕೆಗೆ ಮೂರನೆಯ ಒಲಿಂಪಿಕ್ಸ್. 2008ರಲ್ಲಿ ಬೀಜಿಂಗ್‌ನಲ್ಲೂ ಕಂಚು ಗೆದ್ದಿದ್ದರು, ಆಗಿನ್ನೂ ಮದುವೆಯೇ ಆಗಿರಲಿಲ್ಲ. ಓದುಗರು ಬೈದ ಮೇಲೆ ಪತ್ರಿಕೆ ತಪ್ಪೊಪ್ಪಿಕೊಂಡಿತು. ಊರಿನ ತಂಡದ ನಂಟು ಹೇಳಿದರೆ ಊರಿನವರು ಓದುತ್ತಾರೆಂಬ ಲೆಕ್ಕಾಚಾರ ನನಗೂ ಅರ್ಥವಾಗುತ್ತದೆ. ಆದರೆ ನಂಟು ಹೇಳಿ ಹೆಸರು ಬಿಡುವುದು ಎಂಥ ಲೆಕ್ಕ?

ಅದೇ ದಿನಗಳಲ್ಲಿ ಹಂಗೆರಿಯ ಕಟಿಂಕಾ ಹೊಸ್ಸು 400 ಮೀಟರ್ ಮೆಡ್ಲಿಯಲ್ಲಿ ವಿಶ್ವದಾಖಲೆ ಮಾಡಿ ಚಿನ್ನ ಗೆದ್ದರು. ಎನ್‌ಬಿಸಿಯ ಕ್ಯಾಮೆರಾ ಆಕೆಯ ಗಂಡನ ಕಡೆ ತಿರುಗಿತು. ಇದಕ್ಕೆಲ್ಲ ಕಾರಣಪುರುಷ ಇವನೇ ಎಂಬಂತೆ ವೀಕ್ಷಕವಿವರಣೆಕಾರರು ನುಡಿದರು. ಆತ ಆಕೆಯ ಕೋಚ್ ಕೂಡ ಆಗಿದ್ದ, ನಿಜ. ಮೈಕೆಲ್ ಫೆಲ್ಪ್ಸ್ ಗೆದ್ದಾಗಲೂ ಕೋಚ್ ಬಾಬ್ ಬೌಮನ್‌ರನ್ನು ಹೊಗಳುತ್ತಾರೆ. ಆದರೆ ನೀರಿನಲ್ಲಿದ್ದವರು ಯಾರೆಂಬ ಗೊಂದಲ ಅಲ್ಲಿ ಯಾರಿಗೂ ಬರುವುದಿಲ್ಲ.

ನಮ್ಮ ಕಡೆಯೂ ಇದೇ ಕಥೆ. 2017ರ ವಿಶ್ವಕಪ್ ಹೊತ್ತಿಗೆ ಒಬ್ಬ ವರದಿಗಾರರು ಮಿಥಾಲಿ ರಾಜ್‌ರನ್ನು, ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಕೇಳಿದರು. ಪುರುಷರನ್ನು ಹೀಗೆ ಕೇಳುತ್ತೀರಾ, ನಿಮ್ಮ ಮೆಚ್ಚಿನ ಆಟಗಾರ್ತಿ ಯಾರೆಂದು? ಮಿಥಾಲಿ ಮರುಪ್ರಶ್ನೆ ಹಾಕಿದರು. ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಪಿ.ಟಿ. ಉಷಾರನ್ನೇ ಹಿಂದೆ ಹಾಕಿದವರು. ಪತ್ರಿಕೆಗಳು ಆಕೆಯನ್ನು ಭಾರತದ ಫ್ಲೋ-ಜೋ ಎಂದವು. ಆ ಮೂಲ ಫ್ಲೋ-ಜೋ, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಬಣ್ಣದ ಉದ್ದುಗುರು. 1988ರಲ್ಲಿ 100 ಮೀಟರನ್ನು 10.49 ಸೆಕೆಂಡಿನಲ್ಲಿ ಓಡಿದ್ದು, ಆ ದಾಖಲೆ ಮೂರು ದಶಕ ಕಳೆದರೂ ಮುರಿಯದಿದ್ದುದು ಎಷ್ಟು ಜನಕ್ಕೆ ಗೊತ್ತು? ಉಗುರಿಗೆ ಬಣ್ಣ ಹಚ್ಚಿದ್ದು ಆಕೆಯೇ, ಇಷ್ಟಪಟ್ಟೇ ಹಚ್ಚಿದ್ದು. ನನ್ನ ತಕರಾರು ಉಗುರಿನ ಮೇಲಲ್ಲ, ಬರೆದವರ ಕಣ್ಣಿನ ಮೇಲೆ.

ಇಷ್ಟೆಲ್ಲ ಬರೆದ ನಾನೂ ಸಾಚಾ ಅಲ್ಲ. ಕಳೆದ ಯುಗಾದಿ ಸಂಚಿಕೆಯಲ್ಲಿ ನಮ್ಮ ಸದಸ್ಯರೊಬ್ಬರ ಮಗಳ ಫೋಟೋ ಬಂದಿತ್ತಲ್ಲ, ಕೊರಳಲ್ಲಿ ಪದಕ ಹಾಕಿಕೊಂಡು? ಅದರ ಅಡಿಬರಹ ನನ್ನದು. ಅಪ್ಪನ ಕಂಪನಿ, ಅಮ್ಮನ ತವರೂರು, ಹುಡುಗಿಯ ಭರತನಾಟ್ಯ, ಅಡುಗೆಮನೆಯಲ್ಲೂ ಚುರುಕೆಂಬ ಶಿಫಾರಸು, ಎಲ್ಲ ಇತ್ತು. ‘ಮದುವೆ ವರದಿ ಥರ ಇದೆ ಅಂಕಲ್’ ಎಂದು ಪಿಕ್ನಿಕ್‌ನಲ್ಲಿ ನಗುತ್ತಲೇ ಹೇಳಿದಳು. ಅದೇ ಸಂಚಿಕೆಯಲ್ಲಿ ಹುಡುಗರ ಕ್ರಿಕೆಟ್ ವರದಿಗೆ ರನ್ನು, ವಿಕೆಟ್ಟು, ಓವರುಗಳ ಸಮೇತ ಅರ್ಧ ಪುಟ ಕೊಟ್ಟಿದ್ದೆ.

ಆದ್ದರಿಂದ ಒಂದು ತಿದ್ದುಪಡಿ. ಆಕೆ ಈಜಿದ್ದು 100 ಗಜದ ಬಟರ್‌ಫ್ಲೈ. ಕಾಲ 58.91 ಸೆಕೆಂಡು. ಹಿಂದಿನ ವರ್ಷಕ್ಕಿಂತ ಒಂದೂವರೆ ಸೆಕೆಂಡು ಕಡಿಮೆ.