ಕಾರ್ಡು ಬಂತು, ಕಾರ್ಡು ಬರೆದ ಕೈ ಬರಲಿಲ್ಲ

ಶಿಕ್ಷಣದ ಬಗ್ಗೆ ಎಲ್ಲೇ ಸಭೆ ನಡೆಯಲಿ, ಈಗ ಒಂದು ಮಾತು ತಪ್ಪದೆ ಬರುತ್ತದೆ: 'ಉತ್ತಮ ಪದ್ಧತಿಗಳ ಹಂಚಿಕೆ'. ಒಂದು ಶಾಲೆಯಲ್ಲಿ ಚೆನ್ನಾಗಿ ನಡೆದದ್ದನ್ನು ಹತ್ತು ಶಾಲೆಗೆ ತಲುಪಿಸಿದರೆ ಹತ್ತರ ಮಟ್ಟವೂ ಏರುತ್ತದೆ ಅನ್ನುವ ಲೆಕ್ಕ ಅದು. ಲೆಕ್ಕವೇನೋ ಸರಿ. ಆದರೆ ಹಾಗೆ ಹಂಚುವಾಗ ತಲುಪುವುದು ಏನು, ದಾರಿಯಲ್ಲಿ ಉದುರಿಹೋಗುವುದು ಏನು? ಇದನ್ನು ಕೇಳಿಕೊಳ್ಳಲು ಕನ್ನಡದಲ್ಲಿ ನಲಿಕಲಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಲಿಕಲಿಯನ್ನು ಹೊಗಳುವವರೂ ಬೈಯುವವರೂ ಅದನ್ನು ಸರ್ಕಾರದ ಒಂದು ಯೋಜನೆಯಾಗಿ ನೋಡುತ್ತಾರೆ. ಇಲ್ಲಿ ಅದನ್ನು ಒಂದು ಕೃತಿಯಾಗಿ, ಅಂದರೆ ಯಾರೋ ಯಾರಿಗೋಸ್ಕರ ಬರೆದದ್ದು ಎಂಬಂತೆ ಓದುವ ಆಸೆ ನನ್ನದು.

1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿಬಂದರು. ಅಲ್ಲಿ ಅವರು ನೋಡಬೇಕಾಗಿದ್ದದ್ದು ಹೆಸರುವಾಸಿಯಾದ ವಸತಿಶಾಲೆಯನ್ನಲ್ಲ, ಅದರ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು. ಒಬ್ಬರೇ ಟೀಚರು, ಬೇರೆ ಬೇರೆ ವಯಸ್ಸಿನ ಮಕ್ಕಳು, ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳು. ಕೋಟೆ ತಾಲ್ಲೂಕಿನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಕಾಡಿನ ಅಂಚು, ಹಾಡಿಗಳು, ಕೈಬೆರಳೆಣಿಕೆಯ ಮಕ್ಕಳಿರುವ ಶಾಲೆಗಳು, ಒಬ್ಬ ಮೇಷ್ಟ್ರಿಗೆ ಎರಡು ಮೂರು ತರಗತಿ.

ಅವರು ನೋಡಿ ಬಂದರು. ಬಂದಮೇಲೆ ಮಾಡಿದ ಕೆಲಸವೇ ಮುಖ್ಯ. ತೆಲುಗಿನ ಕಾರ್ಡುಗಳನ್ನು ಕನ್ನಡಕ್ಕೆ ತರ್ಜುಮೆ ಮಾಡಿಕೊಂಡು ಸುಮ್ಮನಾಗಲಿಲ್ಲ. ತಾವೇ ಕೂತು ಹಾಡು ಕಟ್ಟಿದರು, ಕತೆ ಬರೆದರು, ತಮ್ಮ ಸೀಮೆಯ ಮಾತು ಹಾಕಿ ಕಾರ್ಡು ಮಾಡಿದರು. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ತಮ್ಮ ಪಾಠವನ್ನು ತಾವೇ ಬರೆಯುವುದು ನಮ್ಮ ವ್ಯವಸ್ಥೆಯಲ್ಲಿ ಎಷ್ಟು ಅಪರೂಪ ಅನ್ನುವುದು ಓದುಗರಿಗೆ ಗೊತ್ತೇ ಇದೆ.

ಹಾಗೆ ಹುಟ್ಟಿದ ಕೃತಿ ಹೇಗಿದೆ? ಕಲಿಯಬೇಕಾದ್ದನ್ನೆಲ್ಲ ಒಂದು ಏಣಿಯಾಗಿ ಜೋಡಿಸಿದ್ದಾರೆ. ಏಣಿಯಲ್ಲಿ ಮೈಲಿಗಲ್ಲುಗಳು, ಮೈಲಿಗಲ್ಲಿನೊಳಗೆ ಒಂದೊಂದು ಮೆಟ್ಟಿಲು. ಮೆಟ್ಟಿಲಿಗೊಂದು ಚಿತ್ರದ ಗುರುತು. ಓದಲು ಬಾರದ ಮಗುವೂ ಆ ಗುರುತು ನೋಡಿ ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳಬಹುದು. ಮಕ್ಕಳು ಕೂರುವುದು ತಟ್ಟೆಗಳ ಸುತ್ತ: ಟೀಚರ ಪೂರ್ತಿ ಸಹಾಯ ಬೇಕಾದವರದ್ದು ಒಂದು ತಟ್ಟೆ, ಅಷ್ಟಿಷ್ಟು ಬೇಕಾದವರದ್ದು ಇನ್ನೊಂದು, ಗೆಳೆಯರ ಸಹಾಯದಿಂದ ಕಲಿಯುವವರದ್ದು ಮತ್ತೊಂದು, ತಾವೇ ಕಲಿಯಬಲ್ಲವರದ್ದು ಬೇರೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟಕುವ ಕಪ್ಪುಹಲಗೆ. ತಲೆಯ ಮೇಲೆ ಮಕ್ಕಳು ಮಾಡಿದ್ದನ್ನೆಲ್ಲ ತೂಗುಹಾಕುವ ಚಪ್ಪರ. ಈ ಏಣಿಯ ದೊಡ್ಡ ಗುಣ ನನಗೆ ಕಾಣುವುದು ಗೈರುಹಾಜರಿಯಲ್ಲಿ. ಅಪ್ಪ ಅಮ್ಮನ ಜೊತೆ ಕಾಫಿ ತೋಟದ ಕೆಲಸಕ್ಕೆ ಹೋಗಿ ಒಂದು ತಿಂಗಳು ಬಿಟ್ಟು ಬಂದ ಮಗು ಮಾಮೂಲಿ ತರಗತಿಯಲ್ಲಾದರೆ ಪಾಠದ ನಡುವೆ ಕಳೆದುಹೋಗುತ್ತದೆ. ಇಲ್ಲಿ ಅದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮೆಟ್ಟಿಲು ಅದಕ್ಕಾಗಿ ಕಾದಿರುತ್ತದೆ.

ಅಕ್ಷರ ಕಲಿಸುವ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ಅ ಆ ಇ ಈ ಎಂದು ಶುರುಮಾಡಿದರೆ ಮಗು ಎಷ್ಟೋ ದಿನ ಒಂದು ಪದವನ್ನೂ ಓದಲಾರದೆ ಬರೀ ಅಕ್ಷರ ತಿದ್ದುತ್ತ ಇರುತ್ತದೆ. ನಲಿಕಲಿ ಶುರುಮಾಡುವುದು ರ, ಗ, ಸ, ದ, ಅ ಎಂಬ ಐದರಿಂದ. ಐದೇ ಅಕ್ಷರ ಬಂದರೆ ಸಾಕು: ಸರ, ರಸ, ಅರಸ, ಅಗಸ, ದಸರ, ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಮುಂದಿನ ಗುಂಪು ಜ, ವ, ಮ, ಬ, ನ. ಈಗ ಮರ, ಜನ, ವನ, ನಗರ, ಬಸವ ಎಲ್ಲ ಬಂದವು. 'ನನಗೆ ಓದಲು ಬರುತ್ತೆ' ಎನ್ನುವ ಖುಷಿ ಮಗುವಿಗೆ ಮೊದಲ ವಾರಗಳಲ್ಲೇ ಸಿಗುತ್ತದೆ. ಇದನ್ನು ಜೋಡಿಸಿದವರಿಗೆ ಭಾಷೆಯೂ ಗೊತ್ತಿತ್ತು, ಆರು ವರ್ಷದ ಮಗುವಿನ ತಾಳ್ಮೆ ಎಷ್ಟು ಅನ್ನುವುದೂ ಗೊತ್ತಿತ್ತು. ಒಳ್ಳೆಯ ಪದ್ಯದಲ್ಲಿ ಪದಗಳನ್ನು ಆರಿಸುವ ಹಾಗೆ ಇಲ್ಲಿ ಅಕ್ಷರಗಳನ್ನು ಆರಿಸಿದ್ದಾರೆ.

ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. 'ಅರಸ' ಎಂಬ ಪದ ಯಾರ ಮನೆಯದ್ದು? ಮನೆಯಲ್ಲಿ ದಖನಿ ಮಾತಾಡುವ ಮಗು ಅಜ್ಜಿಯ ಕತೆಯಲ್ಲಿ ಕೇಳಿದ್ದು ಬಾದಶಾನನ್ನು. ಬ್ಯಾರಿ, ನವಾಯತಿ, ಕೊಂಕಣಿ, ಲಂಬಾಣಿ ಮಾತಾಡುವ ಮಕ್ಕಳದ್ದೂ ಇದೇ ಪಾಡು. ಸುತ್ತಲೂ ಮರಾಠಿ, ಹಿಂದಿ ಕೇಳುತ್ತ ಮುಂಬೈ, ಪುಣೆಯಲ್ಲಿ ಬೆಳೆಯುವ ಕನ್ನಡದ ಮಕ್ಕಳನ್ನೂ ಈ ಸಾಲಿಗೆ ಸೇರಿಸಬಹುದು. ಕನ್ನಡ ಮನೆಮಾತಾದ ಮಗುವಿಗೆ ಅ-ರ-ಸ ಎಂದು ಕೂಡಿಸಿದ ಕೂಡಲೇ ಅರ್ಥ ಹೊಳೆಯುತ್ತದೆ. ಆ ಹೊಳೆಯುವಿಕೆಯಲ್ಲೇ ಈ ಕ್ರಮದ ಜೀವ ಇರುವುದು. ಮನೆಮಾತು ಬೇರೆಯಾದ ಮಗುವಿಗೆ ಅಕ್ಷರ ಕೂಡುತ್ತದೆ, ಅರ್ಥ ಹೊಳೆಯುವುದಿಲ್ಲ. ಇದೇ ಏಣಿಯನ್ನು ಉರ್ದುವಿಗೆ ತರಬೇಕೆಂದರೆ ಕಷ್ಟ ಇನ್ನೂ ಸ್ಪಷ್ಟ. ಉರ್ದುವಿನಲ್ಲಿ ಅಕ್ಷರವು ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ರೂಪ ತಾಳುತ್ತದೆ. ಅಲ್ಲಿ ರ-ಗ-ಸ-ದ-ಅ ಎಂಬ ಕ್ರಮಕ್ಕೆ ಅರ್ಥವೇ ಇಲ್ಲ. ಏಣಿಯನ್ನು ಬುಡದಿಂದ ಮತ್ತೆ ಕಟ್ಟಬೇಕು.

ಅಂದರೆ ಈ ಪದ್ಧತಿ ಹೋದಲ್ಲೆಲ್ಲ ಅದನ್ನು ಮತ್ತೆ ಬರೆಯಬೇಕಾಗುತ್ತದೆ. ಕೋಟೆಯ ಶಿಕ್ಷಕರು ಮಾಡಿದ್ದೂ ಅದನ್ನೇ. ಆಮೇಲೆ ಏನಾಯ್ತು? ಪದ್ಧತಿ ಬೇರೆ ತಾಲ್ಲೂಕುಗಳಿಗೆ ಹಬ್ಬಿತು, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಬಂತು. ಕಾರ್ಡುಗಳು ಅಚ್ಚಾಗಿ ಕಟ್ಟುಗಳಲ್ಲಿ ಬಂದವು. ತರಬೇತಿಯೂ ಬಂತು. ಬಾರದೇ ಹೋದದ್ದು ಕಾರ್ಡು ಬರೆಯುವ ಕೆಲಸ. ಕೋಟೆಯ ಶಿಕ್ಷಕರಿಗೆ ಪ್ರತಿ ಕಾರ್ಡೂ ಯಾಕೆ ಹಾಗಿದೆ ಎಂದು ಗೊತ್ತಿತ್ತು, ಯಾಕೆಂದರೆ ಅವರೇ ಅದರ ಬಗ್ಗೆ ಜಗಳವಾಡಿ ಬರೆದವರು. ಕಟ್ಟು ಬಿಚ್ಚಿಕೊಂಡ ಟೀಚರಿಗೆ ಅದು ಇಲಾಖೆಯಿಂದ ಬಂದ ಮತ್ತೊಂದು ಸಾಮಾನು. ಹರಿದ ಕಾರ್ಡಿನ ಜಾಗಕ್ಕೆ ಇನ್ನೊಂದನ್ನು ತಾನೇ ಬರೆದು ಹಾಕಬಹುದು ಅನ್ನುವ ಧೈರ್ಯ ಕಟ್ಟಿನಲ್ಲಿ ಬರುವುದಿಲ್ಲ. ಮಗು ತನ್ನ ಗತಿಯಲ್ಲಿ ಹತ್ತಲಿ ಎಂದು ಮಾಡಿದ ಏಣಿಯ ಮುಂದೆ ನಿಂತು 'ಈ ತಿಂಗಳಿಗೆ ಇಷ್ಟನೇ ಮೈಲಿಗಲ್ಲು ಮುಗಿದಿರಬೇಕಿತ್ತಲ್ಲ' ಎಂದು ಕೇಳುವ ತಪಾಸಣೆ ಬಂದರಂತೂ ಮುಗಿಯಿತು, ಹೆಸರು ಮಾತ್ರ ನಲಿಕಲಿ. ಹಾಗಂತ ವಿಸ್ತರಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಂದು ತಾಲ್ಲೂಕಿನ ಮಕ್ಕಳಿಗೆ ಒಳ್ಳೆಯದಾದದ್ದು ಉಳಿದವರಿಗೂ ಸಿಗಲಿ ಅನ್ನುವುದು ನ್ಯಾಯವಾದ ಆಸೆಯೇ. ವಿಸ್ತರಿಸುವಾಗ ಯಾವುದನ್ನು ಮುಖ್ಯ ಅಂದುಕೊಂಡೆವು ಅನ್ನುವುದರ ಬಗ್ಗೆ ನನ್ನ ಮಾತು.

ಇದು ಹೊಸ ಕತೆಯೂ ಅಲ್ಲ. ಇನ್ನೂರು ವರ್ಷ ಹಿಂದೆ ಇದೇ ದಾರಿಯಲ್ಲಿ, ಆದರೆ ಎದುರು ದಿಕ್ಕಿಗೆ, ಒಂದು ಪದ್ಧತಿ ನಮ್ಮಲ್ಲಿಂದ ಹೊರಟಿತ್ತು. ಚೆನ್ನೈನ ಓದುಗರಿಗೆ ಎಗ್ಮೋರ್ ಎಂದರೆ ರೈಲ್ವೆ ಸ್ಟೇಷನ್. 1789ರಲ್ಲಿ ಅಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮವೊಂದಿತ್ತು, ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಅದರ ಮೇಲ್ವಿಚಾರಕ. ಊರಿನ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಬರೆಯುವುದನ್ನು ಅವನು ಕಂಡ. ತನ್ನ ಶಾಲೆಯಲ್ಲೂ ಹಾಗೇ ಮಾಡಿಸಲು ಹೋದರೆ ಅಲ್ಲಿಯ ಉಪಾಧ್ಯಾಯ ಒಪ್ಪಲಿಲ್ಲ. ಬೆಲ್ ಆ ಕೆಲಸವನ್ನು ಎಂಟು ವರ್ಷದ ಒಬ್ಬ ಹುಡುಗನಿಗೇ ಒಪ್ಪಿಸಿದ. ಹುಡುಗ ಕಲಿಸಿಯೂ ಬಿಟ್ಟ. ಬೆಲ್ ಊರಿಗೆ ಮರಳಿ 1797ರಲ್ಲಿ ಈ ಪ್ರಯೋಗದ ವರದಿ ಅಚ್ಚುಹಾಕಿಸಿದ. ಅದೇ 'ಮದ್ರಾಸ್ ಪದ್ಧತಿ' ಎಂದು ಇಂಗ್ಲೆಂಡಿನಲ್ಲಿ ಹೆಸರಾಯಿತು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು ನಮ್ಮ ಜಗುಲಿ ಶಾಲೆಗಳಲ್ಲಿ ರೂಢಿ ಇದ್ದದ್ದೇ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಕಳಿಸಿದ ವರದಿಯಲ್ಲಿ ಈ ಕ್ರಮವನ್ನು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದು ಬರೆದಿದ್ದಾನೆ. ಅದೇ ವರದಿಯಲ್ಲಿ, ಪುಸ್ತಕಗಳು ಸರಿಯಿಲ್ಲ, ತಕ್ಕ ಉಪಾಧ್ಯಾಯರಿಲ್ಲ ಎಂಬ ದೂರೂ ಇದೆ. ಧರಂಪಾಲ್ ಅವರ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಈ ವರದಿ ಸಿಗುತ್ತದೆ. ನಮ್ಮ ಹಳೆಯದೆಲ್ಲ ಚಿನ್ನ ಎಂದು ವಾದಿಸಲು ಆ ಪುಸ್ತಕವನ್ನು ಹಿಡಿಯುವವರು ಈ ಎರಡನೇ ಭಾಗವನ್ನೂ ಓದಬೇಕು.

ಇಂಗ್ಲೆಂಡಿನಲ್ಲಿ ಆ ಪದ್ಧತಿಗೆ ಏನಾಯಿತು? ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ಮಧ್ಯೆ ಮಾನಿಟರುಗಳ ಸಾಲು. ಜಗುಲಿಯಲ್ಲಿ ಒಬ್ಬನ ಬೆರಳು ಹಿಡಿದು ಇನ್ನೊಬ್ಬ ಬರೆಸುತ್ತಿದ್ದದ್ದು ಅಲ್ಲಿ ಕಡಿಮೆ ಖರ್ಚಿನಲ್ಲಿ ಬಡವರ ಮಕ್ಕಳನ್ನು ಸಾಲಾಗಿ ಕೂರಿಸಿ ಓದಿಸುವ ಯಂತ್ರವಾಯಿತು. ಪ್ರತಿ ಮಗುವಿಗೂ ಅದರದೇ ಪಾಠ ಅನ್ನುವ ಕ್ರಮ ಇವತ್ತಿಗೂ ನೋಡಬೇಕೆಂದರೆ ಹಿಫ್ಜ್ ತರಗತಿಗೆ ಹೋಗಿ ಕೂರಬೇಕು. ಇಪ್ಪತ್ತು ಮಕ್ಕಳಿದ್ದರೆ ಇಪ್ಪತ್ತು ಸಬಕ್. ಉಸ್ತಾದರು ಒಬ್ಬೊಬ್ಬನನ್ನೇ ಹತ್ತಿರ ಕೂರಿಸಿಕೊಂಡು ಕೇಳುತ್ತಾರೆ, ನಿನ್ನೆಯದ್ದು ಗಟ್ಟಿಯಾಗದೆ ಇವತ್ತಿನದ್ದು ಕೊಡುವುದಿಲ್ಲ. ಆ ತರಗತಿಗೆ ಬೇರೆ ಕುಂದುಗಳು ಇರಬಹುದು, ಇವೆ ಕೂಡ. ಆದರೆ ನಲಿಕಲಿಯ ತಟ್ಟೆ ನಮ್ಮ ಸಮುದಾಯಕ್ಕೆ ಪರಕೀಯ ವಸ್ತುವೇನಲ್ಲ.

ಕಂಡದ್ದನ್ನು ಕಂಡಹಾಗೇ ಎತ್ತಿಕೊಂಡು ಬಂದರೆ ಏನಾಗುತ್ತದೆ ಎಂದು ಪ್ರಾಮಾಣಿಕವಾಗಿ ಬರೆದ ಪುಸ್ತಕ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'. 1930ರ ದಶಕದ ಶುರುವಿನಲ್ಲಿ ಗುಜರಾತಿಯಲ್ಲಿ ಬಂದದ್ದು. ವಕೀಲಿ ಬಿಟ್ಟು ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಶುರುಮಾಡಿದವರು ಅವರು. ಕತೆಯ ಮೇಷ್ಟ್ರು ಅಧಿಕಾರಿಯ ಒಪ್ಪಿಗೆ ಪಡೆದು ನಾಲ್ಕನೇ ತರಗತಿಯಲ್ಲಿ ಹೊಸ ರೀತಿಯಲ್ಲಿ ಕಲಿಸಲು ಹೋಗುತ್ತಾನೆ. ಮೊದಲ ದಿನ ಮಾಂಟೆಸರಿಯ ಮೌನದ ಆಟ ಆಡಿಸುತ್ತಾನೆ. ಮಕ್ಕಳು ಗಲಾಟೆ ಎಬ್ಬಿಸುತ್ತಾರೆ, ಅವನ ಯೋಜನೆ ನೆಲಕಚ್ಚುತ್ತದೆ, ಕೊನೆಗೆ ರಜೆ ಕೊಟ್ಟು ಮನೆಗೆ ಕಳಿಸುತ್ತಾನೆ. ಹೆಡ್‌ಮಾಸ್ಟರಿಂದ ಬೈಗುಳವೂ ಬೀಳುತ್ತದೆ. ಮಾರನೇ ದಿನ ಅವನು ಕತೆ ಹೇಳಲು ಶುರುಮಾಡಿದಾಗಲೇ ಮಕ್ಕಳು ಅವನವರಾಗುವುದು. ರೋಮಿನಲ್ಲಿ ನಡೆದ ಆಟ ಇಲ್ಲಿ ಮೊದಲ ದಿನವೇ ನಡೆಯುವುದಿಲ್ಲ ಎಂದು ಬರೆಯಲು ಮಾಂಟೆಸರಿಯನ್ನು ಅಷ್ಟು ಪ್ರೀತಿಸಿದ ಲೇಖಕನಿಗೆ ಸಂಕೋಚವಾಗಲಿಲ್ಲ. ಇಲಾಖೆಗಳು, ಟ್ರಸ್ಟುಗಳು ಹೊರತರುವ 'ಯಶೋಗಾಥೆ'ಗಳಲ್ಲಿ ಈ ಮೊದಲ ದಿನ ಇರುವುದೇ ಇಲ್ಲ. ಓದುವ ಟೀಚರಿಗೆ ಎಲ್ಲಕ್ಕಿಂತ ಬೇಕಾದದ್ದು ಅದೇ ದಿನ. ಪುಸ್ತಕದ ಕೊರತೆಯನ್ನೂ ಹೇಳಬೇಕು: ಇಡೀ ಶಾಲೆಯಲ್ಲಿ ಬದಲಾಗುವುದು ಮುಖ್ಯವಾಗಿ ಒಂದೇ ತರಗತಿ, ಅದರ ಹಿಂದೆ ನಿಂತವನು ಒಬ್ಬ ಅಧಿಕಾರಿ. ಆ ಅಧಿಕಾರಿಗೆ ವರ್ಗವಾದರೆ?

ಗಿಜುಭಾಯಿ ಜೊತೆ ಭಾವನಗರದಲ್ಲಿ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬೈಯ ಉತ್ತರಕ್ಕೆ ಸಮುದ್ರದ ದಡದ ಬೋರ್ಡಿಗೆ ಬಂದರು. ದಲಿತರ, ಆದಿವಾಸಿಗಳ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಆಗ ಬಾಲವಾಡಿಯೇ ಅವರ ಅಂಗಳಕ್ಕೆ ಹೋಯಿತು, ಅದಕ್ಕೇ ಅಂಗನವಾಡಿ ಎಂಬ ಹೆಸರು. ದುಬಾರಿ ಮಾಂಟೆಸರಿ ಸಾಮಾನಿನ ಬದಲು ಚಿಪ್ಪು, ಬೀಜ, ಎಲೆ, ಕಲ್ಲು. ಆಮೇಲೆ ಕೋಸಬಾಡದ ಗುಡ್ಡದಲ್ಲಿ ಅನುತಾಯಿ ವಾಘ್ ಅವರ ಜೊತೆ, ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಲ್ಲೇ ಶಾಲೆ. ಭಾವನಗರದ ಪದ್ಧತಿ ಬೋರ್ಡಿಗೆ ಬಂದದ್ದು ಹೀಗೆ, ಗುರುತೇ ಸಿಗದಷ್ಟು ಬದಲಾಗಿ. 1975ರಲ್ಲಿ ಐಸಿಡಿಎಸ್ ಯೋಜನೆ ಆ ಹೆಸರನ್ನು ದೇಶಕ್ಕೆಲ್ಲ ಹಂಚಿತು. ಅಂಗಳ ಎಷ್ಟು ಕಡೆ ಉಳಿದಿದೆಯೋ ನೀವೇ ನಿಮ್ಮ ಗಲ್ಲಿಯ ಕೇಂದ್ರಕ್ಕೆ ಹೋಗಿ ನೋಡಿ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಟ್ರಸ್ಟುಗಳು, ಜಮಾಅತ್‌ಗಳು ನರ್ಸರಿ ತೆರೆಯುವಾಗ ಮೊದಲು ಕೇಳುವುದು 'ಯಾವ ಕಂಪನಿಯ ಕಿಟ್ ತರೋಣ' ಎಂದು. ಮೂರು ವರ್ಷದ ಮಗುವಿಗೆ ಬಣ್ಣಬಣ್ಣದ ವರ್ಕ್‌ಬುಕ್, ಯೂನಿಫಾರ್ಮು, ಹೋಮ್‌ವರ್ಕು. ಮನೆಯಲ್ಲಿ ಬ್ಯಾರಿಯೋ ದಖನಿಯೋ ಮಾತಾಡುವ ಮಗು ಇಂಗ್ಲಿಷಿನ ಪದ್ಯ ಒಪ್ಪಿಸಿದರೆ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ. ಆ ಪದ್ಯದ ಒಂದು ಪದವಾದರೂ ಮಗುವಿಗೆ ಹೊಳೆಯಿತೇ ಎಂದು ಕೇಳುವವರಿಲ್ಲ. ಕಿಟ್ಟಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ವರ್ಷಕ್ಕೆ ನಾಲ್ಕು ದಿನ ನಮ್ಮ ಟೀಚರುಗಳನ್ನು ಇನ್ನೊಂದು ಶಾಲೆಯ ತರಗತಿಯಲ್ಲಿ ಕೂರಿಸಬಹುದು. ಮುಂಬೈಯಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. ಅಲ್ಲಿಯ ಮಹಾನಗರಪಾಲಿಕೆ ಕನ್ನಡ, ಉರ್ದು ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಕನ್ನಡದ ಟೀಚರು ಉರ್ದು ತರಗತಿಯಲ್ಲಿ ಒಂದು ಬೆಳಗ್ಗೆ ಕೂತರೆ, ಉರ್ದುವಿನವರು ಕನ್ನಡದಲ್ಲಿ ಕೂತರೆ, ಅಕ್ಷರ ಕಲಿಸುವ ಎರಡು ಕಷ್ಟಗಳು ಎದುರುಬದುರಾಗುತ್ತವೆ. ನೋಡಿ ಬಂದವರು ಏನು ನಡೆಯಲಿಲ್ಲ ಅನ್ನುವುದನ್ನೂ ಬರೆದಿಡಬೇಕು. ಅಂಥ ಹತ್ತು ಪುಟ ಒಂದು ಯಶೋಗಾಥೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಭಾನುವಾರದ ಕನ್ನಡ ತರಗತಿ ನಡೆಸುವ ಸಂಘಗಳವರು ನಲಿಕಲಿಯ ಅಕ್ಷರ ಕ್ರಮವನ್ನು ಧಾರಾಳವಾಗಿ ಎತ್ತಿಕೊಳ್ಳಲಿ. ಪದಗಳನ್ನು ಮಾತ್ರ ತಮ್ಮ ಮಕ್ಕಳ ಬಾಯಿಂದ ಆರಿಸಲಿ. ಮೊದಲ ಎರಡು ಗುಂಪಿನ ಹತ್ತು ಅಕ್ಷರಗಳಲ್ಲೇ ಏನೇನು ಸಿಗುತ್ತದೆ ನೋಡಿ: ನಗರ, ನಜರ, ಅದಬ, ಸಬರ. ದ, ರ, ಸ ಮೊದಲ ಗುಂಪಿನವು, ಮ ಎರಡನೆಯದ್ದು, ನಾಲ್ಕನ್ನೂ ಕೂಡಿಸಿದರೆ ಮದರಸ. ಕಾರ್ಡನ್ನು ದಪ್ಪ ರಟ್ಟಿನ ಮೇಲೆ ಕೈಯಲ್ಲೇ ಬರೆದರೆ ಸಾಕು.