306ರ ಬಾಗಿಲಾಚೆಯ ಲೊರೇನ್

ಕಟೋರಿ ಹಾಲ್ ಅವರ ‘ದಿ ಮೌಂಟನ್‌ಟಾಪ್’ ನಾಟಕದಲ್ಲಿ ಎರಡೇ ಪಾತ್ರ, ಒಂದೇ ಕೋಣೆ, ಒಂದೇ ರಾತ್ರಿ. ಅಮೆರಿಕದ ಮೆಂಫಿಸ್ ನಗರದ ಲೊರೇನ್ ಮೋಟೆಲ್, 306ನೇ ಕೋಣೆ, 1968ರ ಏಪ್ರಿಲ್ 3. ಮಾರನೆಯ ಸಂಜೆ ಇದೇ ಕೋಣೆಯೆದುರಿನ ಬಾಲ್ಕನಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬೀಳುತ್ತಾರೆಂದು ಓದುವ ನಮಗೆ ಗೊತ್ತು. ಕಾಫಿ ತಂದುಕೊಡುವ ಕೆಲಸದ ಹೆಂಗಸು ಕಾಮೆಗೂ ಗೊತ್ತು, ಆಕೆ ದೇವದೂತೆ. 2009ರಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂದ ಈ ನಾಟಕಕ್ಕೆ ಮರುವರ್ಷ ಒಲಿವಿಯರ್ ಪ್ರಶಸ್ತಿ ಬಂತು.

ಹಾಲ್ ಅವರ ಕಿಂಗ್ ಸಿಗರೇಟಿಗೆ ಹಂಬಲಿಸುತ್ತಾನೆ, ಗುಡುಗಿಗೆ ಬೆಚ್ಚುತ್ತಾನೆ, ಅವನ ಕಾಲು ನಾರುತ್ತದೆ. ಪ್ರತಿಮೆಯೊಳಗಿಂದ ಮನುಷ್ಯನನ್ನು ಹೊರಗೆಳೆದ ಈ ಧೈರ್ಯ ನನಗೆ ಇಷ್ಟ. ನನ್ನ ತಕರಾರು ಇರುವುದು ಲೊರೇನ್ ಬಗ್ಗೆ. ಕಾಮೆಗೆ ಅದು ಕೆಲಸದ ಮೊದಲ ದಿನ. ಹಾಗಾಗಿ ಆ ಮನೆಯ ಯಾವ ನೆನಪೂ ಅವಳಲ್ಲಿಲ್ಲ, ನಾಟಕದಲ್ಲೂ ಇಲ್ಲ.

ಲೊರೇನ್‌ಗೆ ಒಡೆಯರಿದ್ದರು. 1945ರಲ್ಲಿ ಅದನ್ನು ಕೊಂಡ ವಾಲ್ಟರ್ ಬೇಯ್ಲಿ ಕಪ್ಪು ಜನಾಂಗದವರು. ಹೆಂಡತಿ ಲೊರೀ ಹೆಸರನ್ನೂ ಆಗ ಜನಪ್ರಿಯವಾಗಿದ್ದ ‘ಸ್ವೀಟ್ ಲೊರೇನ್’ ಹಾಡನ್ನೂ ನೆನೆದು ಆ ಹೆಸರಿಟ್ಟರು. ಬಿಳಿಯರ ಹೋಟೆಲುಗಳು ಕಪ್ಪು ಪ್ರಯಾಣಿಕರಿಗೆ ಕೋಣೆ ಕೊಡದಿದ್ದ ಕಾಲ. ಎಲ್ಲಿ ಇಳಿದುಕೊಳ್ಳಬಹುದೆಂದು ತಿಳಿಯಲೆಂದೇ ಹಾರ್ಲೆಮ್‌ನ ಅಂಚೆಯವ ವಿಕ್ಟರ್ ಗ್ರೀನ್ 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿ ತರುತ್ತಿದ್ದ. ಅದರಲ್ಲಿ ಲೊರೇನ್ ಹೆಸರೂ ಇತ್ತು. ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಅಲ್ಲಿ ಇಳಿದುಕೊಂಡವರು. 1965ರಲ್ಲಿ ಕಪ್ಪು ಗಾಯಕ ವಿಲ್ಸನ್ ಪಿಕೆಟ್, ಬಿಳಿಯ ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಲೊರೇನ್‌ನ ಕೋಣೆಯೊಂದರಲ್ಲಿ ಕೂತು ‘ಇನ್ ದ ಮಿಡ್‌ನೈಟ್ ಅವರ್’ ಹಾಡು ಕಟ್ಟಿದರು. ಅಂದಿನ ಮೆಂಫಿಸ್‌ನಲ್ಲಿ ಇಬ್ಬರೂ ಹೀಗೆ ಒಟ್ಟಿಗೆ ಕೂರಬಹುದಾದ ಜಾಗಗಳು ಎಷ್ಟಿದ್ದಾವು? ಕಿಂಗ್ ಕೂಡ ಅಲ್ಲಿಗೆ ಬಂದದ್ದು ಅದೇ ಮೊದಲಲ್ಲ.

ಎರಡು ಪಾತ್ರಗಳ ನಾಟಕದಲ್ಲಿ ಇದನ್ನೆಲ್ಲ ತುರುಕಲಾಗದು, ಒಪ್ಪಿದೆ. ಆದರೆ ನಾಟಕಕಾರ್ತಿ ಮೆಂಫಿಸ್‌ನವರೇ. ಕಿಂಗ್ ಅವರ ಆ ರಾತ್ರಿಯ ಭಾಷಣ ಕೇಳಲಾಗದೆ ಉಳಿದ ತಮ್ಮ ತಾಯಿಯ ಹೆಸರಿನಿಂದಲೇ ಕಾಮೆಯನ್ನು ಪಡೆದವರು. ಹೀಗೆ ತನ್ನ ಮನೆಯ ಹೆಂಗಸನ್ನು 306ರೊಳಗೆ ಕರೆತಂದವರಿಗೆ ಆ ಮನೆಯೊಡತಿ ಕಾಣಬೇಕಿತ್ತು. ಅದಕ್ಕೆ ಬೇಕಾದ ಸಾಮಗ್ರಿ ರಂಗದ ಮೇಲೇ ಇದೆ: ಫೋನು. ಕಿಂಗ್ ಅದರಲ್ಲಿ ದೇವರೊಂದಿಗೇ ಚೌಕಾಸಿಗಿಳಿಯುತ್ತಾನೆ (ಆ ದೇವರು ಕಪ್ಪು ಹೆಂಗಸು, ಸೊಗಸಾದ ತುಂಟತನ). ನಿಜದ ಲೊರೇನ್‌ನಲ್ಲಿ ಕೋಣೆಯ ಕರೆಗಳು ಸ್ವಿಚ್‌ಬೋರ್ಡ್ ದಾಟಿಯೇ ಹೊರಹೋಗಬೇಕು. ಏಪ್ರಿಲ್ 4ರ ಸಂಜೆ ಅಲ್ಲಿದ್ದ ಪಾದ್ರಿ ಬಿಲ್ಲಿ ಕೈಲ್ಸ್ ಮುಂದೆ ನೆನೆದಂತೆ, ಆಂಬ್ಯುಲೆನ್ಸ್ ಕರೆಸಲು 306ರ ಫೋನ್ ಎತ್ತಿದರೆ ಆ ಕಡೆ ಯಾರೂ ಇರಲಿಲ್ಲ. ಅದೇ ಸಂಜೆ ಲೊರೀ ಬೇಯ್ಲಿಗೆ ಮೆದುಳಿನ ರಕ್ತಸ್ರಾವವಾಗಿತ್ತು.

ನಾಟಕದ ಕೊನೆಯಲ್ಲಿ ಕಾಮೆ ಮುಂದಿನ ದಶಕಗಳನ್ನೆಲ್ಲ ಕಿಂಗ್ ಕಣ್ಣೆದುರು ಬಿಚ್ಚುತ್ತಾಳೆ: ಹೆಸರುಗಳು, ಚಿತ್ರಗಳು ಧಾರೆಯಾಗಿ ಹರಿಯುತ್ತವೆ. ಓದುತ್ತಾ ನಾನು ಕಾದದ್ದು ಒಂದು ಮಂಗಳವಾರಕ್ಕೆ. 1968ರ ಏಪ್ರಿಲ್ 9, ಅಟ್ಲಾಂಟಾದಲ್ಲಿ ಕಿಂಗ್ ಅಂತ್ಯಕ್ರಿಯೆ ನಡೆದ ದಿನ, ಮೆಂಫಿಸ್‌ನಲ್ಲಿ ಲೊರೀ ತೀರಿಕೊಂಡರು. ವಾಲ್ಟರ್ 306ನ್ನು ಮತ್ತೆ ಬಾಡಿಗೆಗೆ ಕೊಡಲಿಲ್ಲ.