ಕಳೆದುಹೋದ ಕೆಳಸ್ವರಗಳು

ಕ್ಲಾರಿನೆಟ್ ಮೈಸೂರಿನವರಿಗೆ ಅಪರಿಚಿತ ವಾದ್ಯವಲ್ಲ. ದಸರೆಯ ಸಂಜೆ ಅರಮನೆಯ ಅಂಗಳದಲ್ಲಿ ಪೊಲೀಸ್ ಬ್ಯಾಂಡಿನವರು ಅದನ್ನು ನುಡಿಸುವುದನ್ನು ಕಂಡಿದ್ದೀರಿ. ಮದುವೆಯ ಮೆರವಣಿಗೆಯಲ್ಲಿ ಅದನ್ನೇ ಕ್ಲಾರಿಯೊನೆಟ್ ಎಂದು ಕರೆದಿದ್ದೀರಿ. ಅಲ್ಲೆಲ್ಲ ಅದು ತುತ್ತೂರಿ, ಡ್ರಮ್ಮುಗಳ ನಡುವೆ ದನಿಯೇರಿಸಲೇಬೇಕು. ದನಿ ತಗ್ಗಿಸಿದಾಗ ಅದು ಏನು ಹೇಳಬಲ್ಲದೆಂದು ತಿಳಿಯಬೇಕಾದರೆ ಮೊಜಾರ್ಟನು 1791ರಲ್ಲಿ ತನ್ನ ಗೆಳೆಯ ಆಂಟನ್ ಸ್ಟಾಡ್ಲರನಿಗಾಗಿ ರಚಿಸಿದ ಕಾನ್ಚೆರ್ಟೊವನ್ನು ಕೇಳಬೇಕು. ಒಂದೇ ವಾದ್ಯ ಮುಂದೆ ನಿಂತು ಇಡೀ ವಾದ್ಯವೃಂದದೊಡನೆ ಸಂವಾದಿಸುವ ಕೃತಿಯಿದು.

ಇದರ ಎರಡನೆಯ ಭಾಗ ವಿಳಂಬ ಗತಿಯದು. ಕ್ಲಾರಿನೆಟ್ ಒಂದು ಸಾಲನ್ನು ಮೆಲ್ಲನೆ ಹಾಡುತ್ತದೆ. ವಾದ್ಯವೃಂದ ಅದನ್ನೇ ತುಂಬುದನಿಯಲ್ಲಿ ಮರಳಿ ಹೇಳುತ್ತದೆ. ಪೂಜೆಯಲ್ಲಿ ಒಬ್ಬರು ಕೀರ್ತನೆಯ ಪಲ್ಲವಿಯನ್ನು ಹಾಡಿದೊಡನೆ ಸಭೆಯೆಲ್ಲ ಅದನ್ನು ಎತ್ತಿಕೊಳ್ಳುವಂತೆ. ಚೂಪಾದ ನಾದದ ಓಬೋಗಳನ್ನು ಮೊಜಾರ್ಟ್ ಈ ಕೃತಿಯಲ್ಲಿ ಬಳಸಿಯೇ ಇಲ್ಲ. ಕೊಳಲು, ಬಸೂನ್, ಹಾರ್ನ್ ಎರಡೆರಡು, ಜೊತೆಗೆ ತಂತಿವಾದ್ಯಗಳು, ಅಷ್ಟೇ.

ಇದನ್ನು ಸಾವಿನ ಮುನ್ಸೂಚನೆಯೆಂದು ಬಣ್ಣಿಸುವವರು ಅನೇಕರು. ಮೊಜಾರ್ಟ್ ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರ್ 5ರಂದು, ನಿಜ. ಆದರೆ ಈ ಓದು ನನಗೆ ಒಪ್ಪಿಗೆಯಿಲ್ಲ. ಅಕ್ಟೋಬರಿನಲ್ಲಿ ಅವನು ಪತ್ನಿಗೆ ಬರೆದ ಪತ್ರದಲ್ಲಿ ಕುದುರೆ ಮಾರಿದ್ದು, ಕಾಫಿ ತರಿಸಿ ಪೈಪು ಸೇದಿದ್ದು, ಬಳಿಕ ಇದರ ಕೊನೆಯ ಭಾಗವನ್ನು ಬಹುಪಾಲು ಮುಗಿಸಿದ್ದು, ಎಲ್ಲವೂ ಗೆಲುವಿನಿಂದಲೇ ಬಂದಿವೆ. ಆ ಕೊನೆಯ ಭಾಗವಂತೂ ಕುಣಿಯುತ್ತದೆ. ಜೂನಿನಲ್ಲಿ ಪರಮಪ್ರಸಾದದ ಮಹೋತ್ಸವಕ್ಕೆಂದು ಅವನು ರಚಿಸಿದ ‘ಆವೆ ವೇರುಂ ಕಾರ್ಪುಸ್’ ಗೀತೆಯನ್ನು ಬಲ್ಲವರಿಗೆ ಈ ವಿಳಂಬಭಾಗದ ಪ್ರಶಾಂತಿ ಹೊಸದೆನಿಸದು. ಅದು ಅಳುವಲ್ಲ.

ನನ್ನ ಅಳಲು ಬೇರೆ. ಸ್ಟಾಡ್ಲರನ ಕ್ಲಾರಿನೆಟ್ ಸಾಮಾನ್ಯ ಕ್ಲಾರಿನೆಟ್ಟಿಗಿಂತ ಉದ್ದವಾಗಿದ್ದು, ಇನ್ನೂ ಕೆಳಗಿನ ಸ್ವರಗಳಿಗೆ ಇಳಿಯುತ್ತಿತ್ತು. ಮೊಜಾರ್ಟನ ಹಸ್ತಪ್ರತಿ ಕಳೆದುಹೋಯಿತು. ಅವನ ಮರಣಾನಂತರ ಅಚ್ಚು ಹಾಕಿಸಿದವರು ಸಾಮಾನ್ಯ ವಾದ್ಯಕ್ಕೆ ಎಟುಕಲೆಂದು ಆ ಕೆಳಸ್ವರಗಳನ್ನು ಮೇಲಕ್ಕೆತ್ತಿಬಿಟ್ಟರು. ಲೈಪ್‌ಜಿಗ್‌ನ ಪತ್ರಿಕೆಯೊಂದರ ವಿಮರ್ಶಕ 1802ರಲ್ಲೇ ಇದನ್ನು ಉದಾಹರಣೆಗಳೊಡನೆ ತೋರಿಸಿದ್ದ. ಆದರೂ ಒಂದೂವರೆ ಶತಮಾನ ಲೋಕವೆಲ್ಲ ತಿದ್ದಿದ ಪಾಠವನ್ನೇ ನುಡಿಸಿತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಮ್ಮ ಜಯಚಾಮರಾಜ ಒಡೆಯರು ಪೋಷಿಸಿದ್ದನ್ನು ನೀವು ಕೇಳಿರಬಹುದು. ಅದೇ ವಾದ್ಯವೃಂದದೊಡನೆ, ಕರಾಯನ್‌ರ ನಿರ್ದೇಶನದಲ್ಲಿ, ಬರ್ನಾರ್ಡ್ ವಾಲ್ಟನ್ 1955ರಲ್ಲಿ ನುಡಿಸಿದ ಧ್ವನಿಮುದ್ರಿಕೆಯಿದೆ. ನುಡಿಸಾಣಿಕೆ ಬಲು ನಯ. ಆದರೆ ಇಳಿದು ನೆಲ ಮುಟ್ಟಬೇಕಾದ ಸ್ವರಗಳು, ಮೆಟ್ಟಿಲಿನ ನಡುವೆ ಏನೋ ನೆನಪಾದವರಂತೆ ಥಟ್ಟನೆ ಹಿಂದಿರುಗಿ ಮೇಲೇರುತ್ತವೆ.

ಇಂದು ಉದ್ದನೆಯ ಕ್ಲಾರಿನೆಟ್ಟುಗಳನ್ನು ಮತ್ತೆ ತಯಾರಿಸಿದ್ದಾರೆ, ವಿದ್ವಾಂಸರು ಮೂಲಪಾಠವನ್ನು ಊಹಿಸಿ ಜೋಡಿಸಿದ್ದಾರೆ. ಅಂಥ ಮುದ್ರಿಕೆಯೊಂದನ್ನು ಹುಡುಕಿ ವಿಳಂಬಭಾಗವನ್ನಷ್ಟೇ ಕೇಳಿರಿ. ಏಳೆಂಟು ನಿಮಿಷ ಸಾಕು. ಮೊದಲ ರಾಗ ಮರಳುವ ಮುನ್ನ ವಾದ್ಯ ಆಳಕ್ಕೆ ಇಳಿಯುವುದನ್ನು ಗಮನಿಸಿರಿ. ಬಳಿಕ ವಾಲ್ಟನ್‌ರ ಮುದ್ರಿಕೆಯಲ್ಲಿ ಅದೇ ಎಡೆಯನ್ನು ಕೇಳಿರಿ.